ಅಪ್ಪನ ಆತ್ಮತೃಪ್ತಿ

ಆತ್ಮತೃಪ್ತಿ ಎಂದರೆ ತನ್ನಷ್ಟಕ್ಕೆ ತಾನು ತಣಿಯುವುದು ಎನ್ನುತ್ತದೆ ನಿಘಂಟು. ಅದನ್ನು ಬರೆದವರು ಯಾದವಗಿರಿಯ ನಮ್ಮ ರಸ್ತೆಯಲ್ಲಿ ಬಾಡಿಗೆಗೂ ಇದ್ದವರಲ್ಲ. ಐವತ್ತರ ದಶಕದಲ್ಲಿ ಅಲ್ಲಿ ಆ ಪದದ ಬಳಕೆಯೇ ಬೇರೆ. ಹಾರ್ಮೋನಿಯಂ ನುಡಿಸಿದವರು, ಹಪ್ಪಳ ಒತ್ತಿದವರು, ಎಲ್ಲರೂ "ಏನೋ, ನಮ್ಮ ಆತ್ಮತೃಪ್ತಿಗೆ" ಅನ್ನುತ್ತಿದ್ದರು. ಕೇಳಿದವರು ಕೂಡಲೇ "ಛೇ ಛೇ, ಹಾಗನ್ನಬೇಡಿ! ಇಂಥದ್ದನ್ನು ಕಂಡೇ ಇಲ್ಲ" ಎನ್ನಬೇಕು. ಅದು ಹೊಗಳಿಕೆಗೆ ಕೊಟ್ಟ ಕರೆ, ಓಗೊಡದಿರುವುದು ಅನಾಗರಿಕತೆ.

ಅರಮನೆಯ ಕಚೇರಿಯಿಂದ ನಿವೃತ್ತರಾಗಿದ್ದ ಅಪ್ಪ ಗುಲಾಬಿ ಬೆಳೆಸುತ್ತಿದ್ದರು. ಮೂಲೆಮನೆಗೆ ಹೊಸದಾಗಿ ಡಾಕ್ಟರೊಬ್ಬರು ಬಂದರು. ಹತ್ತಿರದ ಹಳ್ಳಿಯ ಒಕ್ಕಲು ಮನೆತನದವರು. ಅವರು ಬೆಳಿಗ್ಗೆ ವಾಕಿಂಗ್ ಬರುವ ಸಮಯಕ್ಕೇ ಅಪ್ಪನ ಗಿಡಗಳಿಗೆ ಬಾಯಾರಿಕೆಯಾಗುತ್ತಿತ್ತು.

ಮೊದಲ ದಿನ ಅಪ್ಪ ನೀರಿನ ಕ್ಯಾನು ಹಿಡಿದು, "ಏನೋ, ಆತ್ಮತೃಪ್ತಿಗೆ ಒಂದಿಷ್ಟು ಗುಲಾಬಿ" ಎಂದರು.

"ಅದೇ ಸರಿ ಬುಡಿ ಸ್ವಾಮಿ. ನಮಗೆ ತೃಪ್ತಿ ಆಯ್ತಾ, ಮುಗೀತು" ಎಂದು ಡಾಕ್ಟರು ನಡೆದೇಬಿಟ್ಟರು.

ಅಂದು ಅಪ್ಪ ಕಾಫಿ ಮುಟ್ಟಲಿಲ್ಲ. "ಕಣ್ಣಿಲ್ವೇನೇ ಆ ಮನುಷ್ಯನಿಗೆ? ಡಾಕ್ಟರಂತೆ!" ಎಂದು ಅಮ್ಮನ ಮುಂದೆ ಗೊಣಗಿದರು. ಮರುದಿನವೂ ಹೇಳಿ ನೋಡಿದರು. ಆಮೇಲೆ ಗೊಬ್ಬರ ಹೆಚ್ಚಿಸಿದರು. ಹೂವು ತಟ್ಟೆಯಗಲವಾಯಿತು. ಡಾಕ್ಟರು "ನಮಸ್ಕಾರ" ಎನ್ನುತ್ತಿದ್ದರೇ ಹೊರತು ಗುಲಾಬಿಯ ಸುದ್ದಿ ಎತ್ತಲಿಲ್ಲ. ಗಿಡ ಕೊಬ್ಬಿದಷ್ಟೂ ಅಪ್ಪ ಸೊರಗಿದರು.

ಒಮ್ಮೆ ಡಾಕ್ಟರು ತಮ್ಮ ಹಿತ್ತಲಿನ ಈರನಗೆರೆ ಬದನೆಕಾಯಿ ಕಳಿಸಿದರು. ಅಮ್ಮ ಎಣ್ಣೆಗಾಯಿ ಮಾಡಿದರು. ಅಪ್ಪ ಮುಖ ಗಂಟಿಕ್ಕಿಕೊಂಡೇ ಮತ್ತೆ ಮತ್ತೆ ಬಡಿಸಿಕೊಂಡರು.

ಮಾರನೆಯ ಬೆಳಿಗ್ಗೆ ಡಾಕ್ಟರು ಗೇಟಿನ ಬಳಿ ನಿಂತು ನೇರವಾಗಿ ಕೇಳಿದರು: "ಬದ್ನೇಕಾಯಿ ಎಂಗಿತ್ತು ಸ್ವಾಮಿ? ನಾನೇ ಬೆಳ್ದಿದ್ದು. ಚೆನ್ನಾಗಿತ್ತು ಅನ್ನಿ ಮತ್ತೆ!"

ಇಂಥ ನಿರ್ಲಜ್ಜ ಪ್ರಶ್ನೆಯನ್ನು ಅಪ್ಪ ಜನ್ಮದಲ್ಲೇ ಕೇಳಿರಲಿಲ್ಲ. "ಬಹಳ ಚೆನ್ನಾಗಿತ್ತು" ಎಂಬ ಮಾತು ಅವರ ಅಪ್ಪಣೆಗೂ ಕಾಯದೆ ಹೊರಬಿತ್ತು. ಡಾಕ್ಟರ ಮುಖ ಅರಳಿತು. ಅಪ್ಪ ಆ ಮುಖವನ್ನೇ ನೋಡುತ್ತ ನಿಂತು, ಗಂಟಲು ಸರಿಮಾಡಿಕೊಂಡರು.

"ನನ್ನ... ಈ ಗುಲಾಬಿ... ಹೇಗಿದೆ?"

"ಅಯ್ಯೋ! ಇದ್ನ ನೋಡೋಕೇ ಅಲ್ವೇನ್ರೀ ನಾನು ಸುತ್ತಾಕ್ಕೊಂಡು ಈ ಕಡೆ ಬರೋದು! ನಿಮ್ ತೃಪ್ತಿಗೆ ಬೆಳ್ಸಿದೀರಿ, ಮಧ್ಯೆ ನಾನ್ಯಾಕೆ ಬಾಯಾಕ್ಲಿ ಅಂತ ಸುಮ್ಕಿದ್ದೆ ಕಣ್ರೀ."

ಅಪ್ಪ ಒಳಗೆ ಬಂದು ಎರಡು ಲೋಟ ಕಾಫಿ ಕುಡಿದು, ಗಾಂಭೀರ್ಯದಿಂದ, "ಯಾರಾದರೂ ಹೊಗಳಲಿ ಅಂತ ಬೆಳೆಸಿದ್ದಲ್ಲ ಕಣೇ. ಏನೋ, ಆತ್ಮತೃಪ್ತಿಗೆ" ಎಂದರು.

ಅಮ್ಮ ತಲೆಯೆತ್ತದೆ, "ಹಾಗಾದ್ರೆ ನಾಳೆ ಅವರು ವಾಕಿಂಗ್ ಮುಗಿಸಿದ ಮೇಲೆ ನೀರು ಹಾಕಿ" ಎಂದರು.

ಮರುದಿನ ಗಿಡಗಳಿಗೆ ಮಾಮೂಲಿ ಹೊತ್ತಿಗೇ ಬಾಯಾರಿತು.