ದಣಿಯದಿರು ಎನ್ನುವ ನಮಸ್ಕಾರ

ಉಲ್ಬೊಸಿನ್ ಎಂದರೆ ಮುಂದಿನದು ಗಂಡಾಗಲಿ ಎಂದು. ನಾಲ್ಕನೆಯದೂ ಹೆಣ್ಣಾದಾಗ ಅಪ್ಪ ಇಟ್ಟ ಹೆಸರು. ಐದನೆಯದೂ ಹೆಣ್ಣೇ ಆಯಿತು. ಹೆಸರು ಕೇಳಿ ಯಾರಾದರೂ ನಕ್ಕರೆ, "ಅದು ನಮ್ಮಪ್ಪ ಹಾಕಿದ ಅರ್ಜಿ, ಇನ್ನೂ ಉತ್ತರ ಬಂದಿಲ್ಲ" ಅನ್ನುತ್ತಿದ್ದಳು.

ಹುಡುಗಿಯಾಗಿದ್ದಾಗ ಅವಳು ಮುಯ್ನಾಕ್‌ನ ಮೀನಿನ ಕಾರ್ಖಾನೆಯಲ್ಲಿ ಡಬ್ಬಿ ತುಂಬಿದಳು. ಸಮುದ್ರ ಆಗಲೇ ಬತ್ತುತ್ತ ಊರು ಬಿಟ್ಟು ದೂರ ಹೋಗಿತ್ತು. ದೂರದ ಕಡಲುಗಳ ಮೀನನ್ನು ರೈಲಿನಲ್ಲಿ ತರಿಸಿ ಕೆಲವು ವರ್ಷ ಕೆಲಸ ನಡೆಸಿದರು, ಆಮೇಲೆ ಅದೂ ನಿಂತಿತು. ಈಗ ಅವಳಿಗೆ ಅರವತ್ತು ದಾಟಿದೆ. ಹದಿಮೂರು ಚಳಿಗಾಲಗಳಿಂದ ಬತ್ತಿದ ಸಮುದ್ರದ ತಳದಲ್ಲಿ ಉಪ್ಪುಮಣ್ಣಲ್ಲೂ ಬೇರೂರುವ ಸಕ್ಸೌಲ್ ಎಂಬ ಪೊದೆಯ ಸಸಿ ನೆಡುವ ಗುಂಪಿಗೆ ಅವಳೇ ಮೇಸ್ತ್ರಿ. ಮುಂದೆ ಮುದುಕ ಜಾಲ್ಗಸ್‌ನ ಟ್ರ್ಯಾಕ್ಟರು ಸಾಲು ಕೊರೆಯುತ್ತ ಹೋಗುತ್ತದೆ. ಹಿಂದೆ ಇಬ್ಬಿಬ್ಬರು ನಡೆಯುತ್ತಾರೆ, ಒಬ್ಬರು ಸಸಿ ಇಡುತ್ತಾರೆ, ಇನ್ನೊಬ್ಬರು ಹಿಮ್ಮಡಿಯಿಂದ ಉಪ್ಪುಮಣ್ಣು ಒತ್ತುತ್ತಾರೆ.

ಮೂರು ವರ್ಷದ ಹಿಂದೆ ನುಕುಸ್‌ನ ಕಾಲೇಜಿನಿಂದ ಒಂಬತ್ತು ಮಂದಿ ತಾವಾಗಿಯೇ ಬಂದು ಸೇರಿದ್ದರು. ಬಂದಾಗ ಕಣ್ಣಲ್ಲಿ ಬೆಂಕಿ ಇತ್ತು. ಒಬ್ಬೊಬ್ಬರಾಗಿ ಎಂಟು ಮಂದಿ ಹೋದರು. ಒಬ್ಬನಿಗೆ ಜ್ವರ ಹಿಡಿದು ಬಿಡಲಿಲ್ಲ, ಒಬ್ಬಳು ಫೋನು ಎತ್ತುವುದನ್ನೇ ಬಿಟ್ಟಳು, ಇನ್ನೊಬ್ಬ ಇಷ್ಟು ನೆಟ್ಟು ಏನಾದರೂ ಆಯಿತೇ ಎಂದು ಕೇಳಿ ಊರಿಗೆ ಹೋಗುವ ವ್ಯಾನು ಹತ್ತಿದ. ಉಳಿದವಳು ಪೆರಿಜಾತ್ ಒಬ್ಬಳೇ. ಮಕ್ಕಳು ಇಲ್ಲಿಗೆ ಬಂದು ಯಾಕೆ ಹೀಗೆ ಆರಿಹೋಗುತ್ತಾರೆ ಎಂಬುದು ಉಲ್ಬೊಸಿನ್‌ಗೆ ತಿಳಿಯದು. ತನ್ನದೇ ತಪ್ಪೇನೋ ಎಂಬ ಅನುಮಾನ ಮಾತ್ರ ಇತ್ತು. ಇವಳೂ ಹೋದರೆ ಮುಂದಿನ ವರ್ಷ ಮಕ್ಕಳನ್ನು ಕರೆಯುವುದಿಲ್ಲ, ನಾವು ಮುದುಕರೇ ನೆಟ್ಟಷ್ಟು ನೆಡೋಣ ಎಂದು ಜಾಲ್ಗಸ್‌ಗೆ ಹೇಳಿದ್ದಳು.

ಈ ಕರಕಲ್ಪಾಕ್ ನೆಲದಲ್ಲಿ ದುಡಿಯುವವರನ್ನು ಸುಮ್ಮನೆ ದಾಟಿ ಹೋಗುವುದು ಮರ್ಯಾದೆಯಲ್ಲ. "ಹರ್ಮ" ಅನ್ನಬೇಕು, ದಣಿಯದಿರು ಎಂದು. ಕೆಲಸದಲ್ಲಿದ್ದವರು "ಬಾರ್ ಬೊಲ್" ಅನ್ನಬೇಕು, ನೀನು ಬಾಳು ಎಂದು. ಸಾಲಿನ ಉದ್ದಕ್ಕೂ ನಡೆಯುತ್ತ ಉಲ್ಬೊಸಿನ್ ಪ್ರತಿಯೊಬ್ಬರಿಗೂ ಹರ್ಮ ಅನ್ನುತ್ತಿದ್ದಳು. ಪೆರಿಜಾತ್ ಬಗ್ಗಿದ ಬೆನ್ನು ಎತ್ತದೆಯೇ ಬಾರ್ ಬೊಲ್ ಅಂದು, ಮೊದಲಿಗಿಂತ ಜೋರಾಗಿ ಕೈ ಆಡಿಸುತ್ತಿದ್ದಳು. ಎಷ್ಟು ಹುರುಪು ನೋಡು ಎಂದು ಉಲ್ಬೊಸಿನ್ ಮೆಚ್ಚಿಕೊಂಡು ಮುಂದೆ ಹೋಗುತ್ತಿದ್ದಳು.

ಫೆಬ್ರವರಿಯ ಒಂದು ಬೆಳಿಗ್ಗೆ ಪೆರಿಜಾತ್ ಹಿಂದಿನ ವರ್ಷದ ಸಾಲುಗಳನ್ನು ನೋಡಿ ಬಂದಳು. ನೂರಕ್ಕೆ ಮೂವತ್ತು ಬದುಕಿದ್ದವು. ಚಹಾಕ್ಕೆ ಕರೆದರೆ ಬರಲಿಲ್ಲ, ಜೋಳದ ರೊಟ್ಟಿ ಮುಟ್ಟಲಿಲ್ಲ. ಇಬ್ಬರ ಕೆಲಸ ಒಬ್ಬಳೇ ಮಾಡತೊಡಗಿದಳು. ಸಸಿ ಇಡುವುದೂ ಅವಳೇ, ತುಳಿಯುವುದೂ ಅವಳೇ. ಜಾಲ್ಗಸ್ ಟ್ರ್ಯಾಕ್ಟರಿನಿಂದಲೇ ಕೂಗಿ, "ಏ ಹುಡುಗಿ, ಸಂಜೆಯೊಳಗೆ ಸಮುದ್ರ ವಾಪಸ್ ಬರುತ್ತೆ ಅಂತ ಯಾರಾದ್ರೂ ಹೇಳಿದ್ರಾ?" ಅಂದ. ಅವಳು ನಗಲಿಲ್ಲ.

ಉಲ್ಬೊಸಿನ್ ಎಂದಿನಂತೆ ಹತ್ತಿರ ಹೋಗಿ ಹರ್ಮ ಅಂದಳು. ಹುಡುಗಿ ಕೈಯಲ್ಲಿದ್ದ ಸಸಿ ಬಿಟ್ಟು ಸಾಲಿನೊಳಗೇ ಕುಸಿದು ಕುಳಿತಳು. ಬೆರಳುಗಳ ಸಂದಿಯಲ್ಲಿ ಚರ್ಮ ಬಿರಿದು ಉಪ್ಪು ಮೆತ್ತಿತ್ತು.

"ಇನ್ನೆಷ್ಟು ಮಾಡ್ಲಿ ಆಪಾ?" ಅಂದಳು. "ನೀವು ದಣೀಬೇಡ ದಣೀಬೇಡ ಅಂತ ಹೇಳ್ತಾನೇ ಇರ್ತೀರಿ. ನಾನು ದಣಿದಿದ್ದು ನಿಮ್ಮ ಕಣ್ಣಿಗೆ ಬಿತ್ತು ಅಂತ ಪ್ರತಿ ಸಲ ನಾಚಿಕೆಯಾಗುತ್ತೆ. ಬಿಟ್ಟುಹೋದ ಎಲ್ರಿಗೂ ಹಂಗೇ ಆಗ್ತಿತ್ತು."

ಉಲ್ಬೊಸಿನ್ ಬಿದ್ದ ಸಸಿಯನ್ನು ಎತ್ತಿಕೊಂಡಳು. ಹುಟ್ಟಿದಾಗಿನಿಂದ ಆಡಿದ ಮಾತು. ಅದಕ್ಕೆ ಇಂಥದೊಂದು ಮಗ್ಗುಲು ಇದೆಯೆಂದು ಅವಳಿಗೆ ತೋಚಿರಲಿಲ್ಲ. ಎಂಟು ಮುಖಗಳು ಒಂದೊಂದಾಗಿ ನೆನಪಿಗೆ ಬಂದವು. ಎಲ್ಲರೂ ಬಗ್ಗಿಕೊಂಡೇ ಉತ್ತರ ಕೊಡುತ್ತಿದ್ದವರೇ.

ಅವಳೂ ಸಾಲಿನಲ್ಲೇ ಕುಳಿತಳು. ಕಾರ್ಖಾನೆಯಲ್ಲಿ ಹೇಗಿತ್ತೆಂದು ಹೇಳಿದಳು. ಮೇಲ್ವಿಚಾರಣೆಯ ಹೆಂಗಸು ಹರ್ಮ ಅಂದರೆ ಎಲ್ಲರೂ ಚಾಕು ಕೆಳಗಿಟ್ಟು, ಸೊಂಟ ನೆಟ್ಟಗೆ ಮಾಡಿ, ಕಣ್ಣಲ್ಲಿ ಕಣ್ಣಿಟ್ಟು ಉತ್ತರ ಹೇಳಬೇಕಿತ್ತು. ಆ ನೆಪದಲ್ಲಿ ಒಂದು ಗಳಿಗೆ ಸುಧಾರಿಸಿಕೊಳ್ಳಲು ಬಿಡುವುದೇ ಆ ಮಾತಿನ ಕೆಲಸವಾಗಿತ್ತು. ಇದನ್ನು ನಿಮಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ, ತಪ್ಪು ನನ್ನದೇ ಎಂದಳು.

"ಹಾಗಾದ್ರೆ ಸತ್ತ ಎಪ್ಪತ್ತು?" ಎಂದು ಪೆರಿಜಾತ್ ಕೇಳಿದಳು.

"ಸತ್ತವು. ಈ ವರ್ಷದವೂ ಸಾಯ್ತವೆ. ನನ್ನ ಕಾಲಕ್ಕೆ ಸಮುದ್ರ ಬರಲ್ಲ, ನಿನ್ನ ಕಾಲಕ್ಕೂ ಬರಲಿಕ್ಕಿಲ್ಲ. ಉಳಿದ ಮೂವತ್ತರ ಬುಡದಲ್ಲಿ ಮಣ್ಣು ಏಳಲ್ಲ, ಅಷ್ಟೇ. ಅಷ್ಟು ಧೂಳು ಯಾರದೋ ಮನೆ ಮಗುವಿನ ಕಣ್ಣಿಗೆ ಹೋಗಲ್ಲ. ಇದಕ್ಕಿಂತ ದೊಡ್ಡ ಮಾತು ನನ್ ಹತ್ರ ಇಲ್ಲ, ಮಗಳೇ."

ಮರುದಿನ ಅವಳೇ ಪೆರಿಜಾತ್‌ಳನ್ನು ವ್ಯಾನಿಗೆ ಹತ್ತಿಸಿದಳು. ಈ ಚಳಿಗಾಲ ಮುಗಿಯುವ ತನಕ ಮುಖ ತೋರಿಸಬೇಡ ಎಂದಳು. ಹುಡುಗಿ ಕಿಟಕಿಯಾಚೆ ನೋಡುತ್ತಿದ್ದಳು. ಮತ್ತೆ ಬರುವವಳ ಮುಖ ಅದಾಗಿರಲಿಲ್ಲ.

ಉಳಿದ ಗುಂಪಿಗೆ ಉಲ್ಬೊಸಿನ್ ಅಂದಿನಿಂದ ದಿನವೂ ಕೆಲಸವನ್ನು ಮಧ್ಯಾಹ್ನಕ್ಕೇ ನಿಲ್ಲಿಸಿದಳು. ಆ ವರ್ಷ ನೆಟ್ಟ ನೆಲ ಕಡಿಮೆಯಾಯಿತು. ಮೇಲಿನವರು ಬಂದು ಕೇಳಿದಾಗ, ಕಡಿಮೆಯೇ ಆಗಿದೆ ಎಂದು ಒಪ್ಪಿಕೊಂಡಳು.

ನೆಡುವ ಕಾಲ ಮತ್ತೆ ಶುರುವಾದ ನವೆಂಬರ್‌ನಲ್ಲಿ ಪೆರಿಜಾತ್ ಬಂದಳು. ಮೈ ಸ್ವಲ್ಪ ತುಂಬಿಕೊಂಡಿತ್ತು, ಬಾಯಿ ಬಹಳ ಜೋರಾಗಿತ್ತು. ಊಟವಾದ ಮೇಲೆ ವ್ಯಾನಿನಲ್ಲಿ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಳು. ಹನ್ನೊಂದನೆಯ ದಿನ ಚೀಲ ಹೆಗಲಿಗೇರಿಸಿಕೊಂಡು ಬಂದು ನಿಂತಳು. ಕುಂಗ್ರಾದ್‌ನಲ್ಲಿ ಚಿಕ್ಕಮ್ಮನ ಮಗಳ ಮದುವೆ, ನಾಲ್ಕು ದಿನ ಕುಣಿಯುವುದಿದೆ ಎಂದಳು. ಕ್ಷಮೆ ಕೇಳಲಿಲ್ಲ.

"ಸಾಲು ಅರ್ಧಕ್ಕೇ ನಿಂತಿದೆಯಲ್ಲ" ಎಂದು ಜಾಲ್ಗಸ್ ಗೊಣಗಿದ.

"ನಿಲ್ಲಲಿ ಬಿಡು. ಅದಕ್ಕೇನು ಕಾಲಿದೆಯಾ, ಓಡಿಹೋಗೋಕೆ" ಅಂದಳು ಉಲ್ಬೊಸಿನ್.

ಇಷ್ಟು ವರ್ಷಗಳಲ್ಲಿ ಅವಳ ಗುಂಪು ಬಿಟ್ಟು ಮದುವೆಗೆಂದು ಹೊರಟವರಲ್ಲಿ ಇವಳೇ ಮೊದಲು. ವ್ಯಾನು ದಿಬ್ಬ ದಾಟುವವರೆಗೆ ನೋಡಿ, ಉಲ್ಬೊಸಿನ್ ಹುಡುಗಿ ಬಿಟ್ಟುಹೋದ ಸಸಿಗಳು ಅವಳು ಬರುವವರೆಗೆ ಒಣಗದಿರಲೆಂದು ಬೇರಿಗೆ ಒದ್ದೆ ಗೋಣಿ ಹೊದಿಸಿದಳು.