ಬಾಗಿದೆ ಎಂಬ ವಿಮರ್ಶೆ

ಕೋಲಾರದಲ್ಲಿ ಶ್ರೀನಿವಾಸಪುರದ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು ಇನ್ನೂ ಉಸಿರು ಬಿಟ್ಟಿಲ್ಲ, ಜೇಬಿನಲ್ಲಿ ಫೋನು ಟಿಂಗ್ ಎಂದಿತು. ನಮ್ಮ ಹವ್ಯಾಸಿ ಫೋಟೋ ಬಳಗದ ವಾಟ್ಸಾಪ್ ಗುಂಪು. ಯಾರೋ ಟೇಕಲ್ ಬೆಟ್ಟದ ಸೂರ್ಯೋದಯ ಹಾಕಿದ್ದಾರೆ. ಸೂರ್ಯ ಒಡೆದ ಮೊಟ್ಟೆಯ ಹಾಗೆ ಹರಡಿಕೊಂಡಿದ್ದಾನೆ, ಬೆಟ್ಟ ಹುಡುಕಿದರೂ ಇಲ್ಲ, ಅರ್ಧ ಚಿತ್ರವನ್ನು ಕರೆಂಟು ಕಂಬ ನುಂಗಿದೆ. ಅದರ ಕೆಳಗೆ ಸಾಲುಸಾಲಾಗಿ ಸೂಪರ್ ಸರ್, ಸೂಪರ್, ಸೂಪರೋ ಸೂಪರ್. ಒಬ್ಬರಂತೂ ಚಿತ್ರ ಬಿಚ್ಚಿಕೊಳ್ಳುವ ಮೊದಲೇ ಕೈ ಮುಗಿದಿದ್ದಾರೆ. ನನಗೆ ಮೈಯೆಲ್ಲ ಉರಿಯಿತು.

ಪಕ್ಕದ ಸೀಟು ಖಾಲಿ ಇದೆ. ನೀವೇ ಕೂತಿದ್ದೀರಿ ಎಂದುಕೊಂಡು ಹೇಳುತ್ತೇನೆ, ಕೇಳಿ. ನಾನು ಹೊರಟಿರುವುದು ಚಲಪತಿ ಎಂಬ ಗೆಳೆಯನ ಕ್ಷಮೆ ಕೇಳುವುದಕ್ಕೆ. ಒಳಗೆ ಕರೆಯುತ್ತಾನೋ, ಬಾಗಿಲಲ್ಲೇ ನಿಲ್ಲಿಸಿ ಕಳಿಸುತ್ತಾನೋ ಗೊತ್ತಿಲ್ಲ. ಸಿಟ್ಟಿನ ಮನುಷ್ಯ ಕ್ಷಮೆ ಕೇಳಲು ಹೊರಟರೆ ಮುಖ ಹೇಗಿರುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಾದರೆ, ಟಿಕೆಟ್ ಕೊಟ್ಟ ಕಂಡಕ್ಟರ್ ಎರಡನೇ ಸಲ ನನ್ನ ಕಡೆ ತಿರುಗಿಲ್ಲ.

ನನ್ನ ಹೊಟ್ಟೆಪಾಡೇ ತಪ್ಪು ಹುಡುಕುವುದು. ನಮ್ಮ ಮಾಲೂರಿನ ಹತ್ತಿರ, ಲಕ್ಕೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುತ್ತೇನೆ. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಕೆಂಪು ಡಬ್ಬಕ್ಕೆ ಹಾಕುವುದು. ಈ ಚಾಳಿ ಗೇಟಿನ ಹೊರಗೂ ಬೆನ್ನು ಬಿಟ್ಟಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡಿ ಬಂದ ಆಸಾಮಿ ನಾನು. ಅವತ್ತೇ ತಾನು ಹುಷಾರಾಗಬೇಕಿತ್ತು ಎಂದು ಹೆಂಡತಿ ಈಗಲೂ ಅನ್ನುತ್ತಾಳೆ.

ಬಳಗದಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮೂವತ್ತು ಚಿಲ್ಲರೆ ಜನರಿದ್ದೇವೆ. ಮೇಷ್ಟ್ರು, ಔಷಧಿ ಅಂಗಡಿಯವರು, ರೇಷ್ಮೆ ಬೆಳೆಯುವವರು, ನನ್ನಂಥ ಸಂಬಳದವರು. ಶುರುವಾದ ದಿನವೇ ನಿಯಮ ಮಾಡಿಕೊಂಡೆವು: ಒಬ್ಬರು ಚಿತ್ರ ಹಾಕಿದರೆ ಉಳಿದವರು ಅವರಿಗೆ ತಿದ್ದಿಕೊಳ್ಳಲು ನೆರವಾಗುವಂಥ ಮಾತು ಹೇಳಬೇಕು. ಆ ನಿಯಮವನ್ನು ನಂಬಿ ಕೆಟ್ಟವನು ನಾನೊಬ್ಬನೇ. ಶಿವಾರಪಟ್ಟಣದ ಶಿಲ್ಪಿಯೊಬ್ಬರ ಚಿತ್ರವನ್ನು ಒಬ್ಬರು ಹಾಕಿದಾಗ, 'ಉಳಿ ಹಿಡಿದ ಕೈ ಚೌಕಟ್ಟಿನ ಆಚೆ ಉಳಿದಿದೆ, ಕೈ ಕಾಣದಿದ್ದರೆ ಕಲ್ಲಿನ ಪಕ್ಕ ಸುಮ್ಮನೆ ಕೂತವರ ಹಾಗೆ ಕಾಣುತ್ತಾರೆ' ಎಂದು ಬರೆದೆ. ತಪ್ಪೇನಿದೆ ಹೇಳಿ? ಉತ್ತರ ಬಂತು: "ಮೊದ್ಲು ನೀವೊಂದು ಒಳ್ಳೆ ಫೋಟೋ ತೆಗ್ದು ತೋರ್ಸಿ ಸಾರ್, ಆಮೇಲೆ ಮಾತಾಡಿ."

ಸಾರಿಗೆ ಉಪ್ಪು ಜಾಸ್ತಿಯಾಯಿತು ಅನ್ನುವುದಕ್ಕೆ ಅಡುಗೆಭಟ್ಟನೇ ಆಗಿರಬೇಕೇನ್ರೀ? ಅದೇ ಶಿವಾರಪಟ್ಟಣದಲ್ಲಿ ಹಿರಿಯ ಶಿಲ್ಪಿ ವಿಗ್ರಹದ ಮೇಲೆ ಒಮ್ಮೆ ಕೈಯಾಡಿಸಿ, ಒಂದು ಕಡೆ ಬೆರಳು ನಿಲ್ಲಿಸುತ್ತಾರೆ. ಕಡೆದವನು ಮಾತಾಡದೆ ಮತ್ತೆ ಉಳಿ ಎತ್ತಿಕೊಳ್ಳುತ್ತಾನೆ. ಅಲ್ಲಿ ಯಾರೂ ಸೂಪರ್ ಅನ್ನುವುದನ್ನು ನಾನು ಕೇಳಿಲ್ಲ. ನಮಗೆ ಮಾತ್ರ ಹೊಗಳಿಕೆ ಬೇಕು, ಅದೂ ಬಿಸಿಬಿಸಿಯಾಗಿ.

ರೋಸಿಹೋಗಿ ನಾನೂ ಮಾತು ಕಡಿಮೆ ಮಾಡಿದೆ. ಕಾರ್ಖಾನೆಯಲ್ಲಿ ಮುದ್ರೆ ಒತ್ತುವ ಹಾಗೆ ಒಂದೊಂದೇ ಪದ ಒತ್ತತೊಡಗಿದೆ. ಕತ್ತಲು. ಮಸುಕು. ಅತಿಯಾಯಿತು. ಇದಕ್ಕೂ ಸೂಪರ್‌ಗೂ ಏನು ವ್ಯತ್ಯಾಸ ಎಂದು ಆಗ ಹೊಳೆಯಲಿಲ್ಲ.

ಚಲಪತಿ ಶ್ರೀನಿವಾಸಪುರದ ಹತ್ತಿರದ ಹಳ್ಳಿಯವನು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು, ಮನೆಮಾತು ತೆಲುಗು. ಹಳೆಯ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದ. ಒಂದು ದಿನ ಅವನ ತಾಯಿಯ ಚಿತ್ರ ಹಾಕಿದ. ಹುಳು ಸಾಕುವ ಮನೆಯ ಗೋಡೆಯ ಮುಂದೆ ಸೊಪ್ಪಿನ ಬುಟ್ಟಿ ಹಿಡಿದು ಅವರು ನಿಂತಿದ್ದಾರೆ. ಬೆಳಕು ಚೆನ್ನಾಗಿತ್ತು. ಆದರೆ ಗೋಡೆ, ಬಾಗಿಲು, ಸೂರು ಎಲ್ಲ ಎಡಕ್ಕೆ ವಾಲಿಕೊಂಡಿದ್ದವು. ಇಪ್ಪತ್ತು ಜನ ಸೂಪರ್ ಅಂದರು. ನಾನು ಬರೆದೆ: 'ಬಾಗಿದೆ.' ಅವನು ಕೈ ಮುಗಿದು, "ಥ್ಯಾಂಕ್ಸ್ ಅಣ್ಣ" ಎಂದ. ಎಲಾ, ತಪ್ಪು ಒಪ್ಪಿಕೊಳ್ಳುವ ಒಬ್ಬನಾದರೂ ಸಿಕ್ಕಿದನಲ್ಲ ಎಂದು ಹಿಗ್ಗಿದೆ.

ಎರಡು ತಿಂಗಳ ಮೇಲೆ ಕೋಲಾರದಲ್ಲಿ ಬಳಗದ ಪ್ರದರ್ಶನ. ನೋಡಿದರೆ ಆ ವಾಲಿದ ಚಿತ್ರವೇ ದೊಡ್ಡದಾಗಿ, ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿದೆ! ತೀರ್ಪು ಕೊಡಲು ಬಂದಿದ್ದ ದೊಡ್ಡ ಮನುಷ್ಯ ಅದರ ಮುಂದೆ ಕತ್ತು ಓರೆ ಮಾಡಿ ನಿಂತು, "ಏನ್ರೀ, ಒಂಟಿ ಕಾಲಲ್ಲಿ ನಿಂತ್ಕೊಂಡು ತೆಗೆದ್ರಾ?" ಎಂದ. ಎಲ್ಲರೂ ನಕ್ಕರು. ಸೂಪರ್ ಎಂದಿದ್ದ ಆ ಇಪ್ಪತ್ತು ಜನರೂ ನಕ್ಕರು. ನಾಚಿಕೆ ಮಾನ ಮರ್ಯಾದೆ ಯಾವುದೂ ಬೇಡವೇ ಮನುಷ್ಯರಿಗೆ?

ನಾನು ಚಲಪತಿಯನ್ನು ಪಕ್ಕಕ್ಕೆ ಎಳೆದೆ. "ಬಾಗಿದೆ ಅಂತ ಆಗಲೇ ಹೇಳಿದ್ನಲ್ಲೋ! ಯಾಕೆ ತಂದೆ?"

"ನೀವು ಹೇಳಿದ್ದಕ್ಕೇ ತಂದಿದ್ದು ಅಣ್ಣ. ಸೂಪರ್ ಅನ್ನೋರು ಎಲ್ಲದಕ್ಕೂ ಅಂತಾರೆ, ಅದನ್ನ ನಾನು ನಂಬಲ್ಲ. ಯಾವತ್ತೂ ಹೊಗಳ್ದೆ ಇರೋರು ನೀವು ಬಾಗೈತೆ ಅಂದ್ರಲ್ಲ. ನಮ್ಮ ಮಾತಲ್ಲೇ ಹೇಳವ್ರೆ ಅಂತ ಅಮ್ಮಂಗೂ ತೋರ್ಸ್ದೆ."

ತೆಲುಗಿನಲ್ಲಿ ಬಾಗುಂದಿ ಎಂದರೆ ಚೆನ್ನಾಗಿದೆ ಎಂದರ್ಥ. ಅವರ ಮನೆಯಲ್ಲಿ ಎರಡು ಭಾಷೆಯೂ ಬೆರೆತು ಅದು ಬಾಗೈತೆ ಆಗುತ್ತದೆ. ನನ್ನ ಒಂದು ಪದ ಮಾಲೂರಿನಲ್ಲಿ ಬೈಗುಳವಾಗಿ ಹೊರಟು ಶ್ರೀನಿವಾಸಪುರಕ್ಕೆ ಹೊಗಳಿಕೆಯಾಗಿ ತಲುಪಿತ್ತು.

ಅಲ್ಲಿಗಾದರೂ ಸುಮ್ಮನಿರಬೇಕಿತ್ತು. ನಾನು ಹೇಳಿದ್ದು ಸರಿ ಎಂದು ತೋರಿಸುವ ಹಟ ನನಗೆ. ಅಲ್ಲೇ ನಿಂತು ಫೋನಿನಲ್ಲಿ ಆ ಚಿತ್ರವನ್ನು ತಿರುಗಿಸಿ, ಗೋಡೆ ನೆಟ್ಟಗೆ ಮಾಡಿ, ಹಳೆಯದರ ಪಕ್ಕ ಜೋಡಿಸಿ ಗುಂಪಿಗೆ ಹಾಕಿದೆ. 'ಈಗ ನೋಡಿ.' ಸೂಪರ್ ಸರ್, ಸೂಪರ್ ಸರ್ ಎಂದು ಹರಿದು ಬಂತು. ಚಲಪತಿ ತನ್ನ ಫೋನು ತೆರೆದು ನೋಡಿದ. ಆಮೇಲೆ ಕಟ್ಟು ಹಾಕಿಸಿದ ಚಿತ್ರವನ್ನು ಗೋಡೆಯಿಂದ ಇಳಿಸಿ, ಹೆಗಲ ಮೇಲಿನ ಟವೆಲಿನಲ್ಲಿ ಸುತ್ತಿಕೊಂಡು ಹೊರಟುಹೋದ. ಸಂಜೆಗೆ ಗುಂಪಿನಿಂದಲೂ ಹೊರಗೆ ಹೋಗಿದ್ದ.

ತಿಂಗಳುಗಟ್ಟಲೆ ನಾನು ಅವನನ್ನೇ ಬೈದೆ. ತಿದ್ದುವ ಮಾತು ತಡೆದುಕೊಳ್ಳಲಾರದವರಿಗೆ ಕ್ಯಾಮೆರಾ ಯಾಕೆ ಎಂದೆ. ಮೊನ್ನೆ ಇದೇ ಪುರಾಣ ತೆಗೆದು, ಜೋಡಿ ಚಿತ್ರವನ್ನು ಹೆಂಡತಿಗೆ ತೋರಿಸಿದೆ. ಅವಳಿಗೆ ಫೋಟೋಗ್ರಫಿಯ ಗಂಧಗಾಳಿ ಇಲ್ಲ. ಮೊದಲನೆಯದನ್ನು ನೋಡಿದಳು, ಎರಡನೆಯದನ್ನು ನೋಡಿದಳು.

"ಚೆನ್ನಾಗಿ ನಿಂತಿದ್ರಲ್ಲ," ಎಂದಳು, "ಇದರಲ್ಲಿ ಈಯಮ್ಮನ್ನ ಯಾರ್ರೀ ಬಗ್ಗಿಸಿದ್ದು?"

ಫೋನು ಕಿತ್ತುಕೊಂಡು ನೋಡಿದೆ. ನಾನು ತಿದ್ದಿದ ಚಿತ್ರದಲ್ಲಿ ಗೋಡೆ ದಾರ ಹಿಡಿದ ಹಾಗೆ ನೆಟ್ಟಗಿತ್ತು. ಆ ತಾಯಿ ಸೊಂಟದಿಂದ ಬಲಕ್ಕೆ ಮುರಿದುಕೊಂಡವರಂತೆ ವಾಲಿದ್ದರು. ಚಲಪತಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಎತ್ತಿದ.

"ತೋಟದಾಗೆ ಬಿದ್ದಾಗಿಂದ ಅಮ್ಮ ಹಂಗೇ ನಿಲ್ಲೋದು ಅಣ್ಣ," ಎಂದ. "ಫೋಟೋ ಬೇಡ ಅಂತ ಅತ್ತಿದ್ಲು. ಫೋಟೋದಾಗಾದ್ರೂ ನೆಟ್ಟಗಿರ್ಲಿ ಅಂತ ನಾನೇ ಫೋನ್ ಓರೆ ಹಿಡ್ದೆ."

"ಅವತ್ತೇ ಹೇಳಬಾರದಿತ್ತೇನೋ?"

"ನೀವು ಕೇಳ್ಲಿಲ್ವಲ್ಲ."

ಹೌದು, ಕೇಳಲಿಲ್ಲ. ಹೀಗೇಕೆ ತೆಗೆದೆ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಇಪ್ಪತ್ತು ಜನರ ಮೇಲೆ ಕಾರಿದ ಬೆಂಕಿಯಲ್ಲಿ ನನ್ನ ಪಾಲಿಗೆ ಒಂದು ಕಿಡಿಯನ್ನೂ ಇಟ್ಟುಕೊಂಡಿರಲಿಲ್ಲ. ಅವರು ನೋಡದೆ ಹೊಗಳಿದರು, ನಾನು ನೋಡದೆ ತೆಗಳಿದೆ. ಅವರಾದರೂ ಯಾರ ತಾಯಿಯನ್ನೂ ಊರ ಮುಂದೆ ಬಗ್ಗಿಸಿ ನಿಲ್ಲಿಸಲಿಲ್ಲ.

ಬಸ್ಸು ನಿಂತಿತು, ಇಳಿದೆ. ಆಟೋದಲ್ಲಿ ಹಳ್ಳಿಯವರೆಗೆ ಹೋಗಿ, ಮನೆ ಕೇಳಿಕೊಂಡು ಈಗ ಬಾಗಿಲಲ್ಲಿ ನಿಂತಿದ್ದೇನೆ. ಚಲಪತಿ ಸೊಪ್ಪು ಕೊಯ್ಯಲು ಹೋಗಿದ್ದಾನಂತೆ. ಆ ತಾಯಿಯೇ ಹೊರಗೆ ಬಂದರು, ಗೋಡೆಗೆ ಒಂದು ಕೈ ಕೊಟ್ಟುಕೊಂಡು. ಫೋಟೋ ಬಳಗದವನು, ಮಾಲೂರಿನಿಂದ ಬಂದೆ ಎಂದೆ.

"ರಾ ನಾಯನಾ, ಒಳಗೆ ಬಾ. ಬಾಗೈತೆ ಅಂದೋನು ನೀನೇ ಅಲ್ವಾ?"

ನಡುಮನೆಯ ಗೋಡೆಯ ಮೇಲೆ ಅದೇ ಚಿತ್ರ. ಅವರು ಅದರ ಕಡೆ ಕೈ ತೋರಿಸಿ ನನ್ನ ಮುಖ ನೋಡುತ್ತಿದ್ದಾರೆ. ಈ ಸಲ ಒಂದು ಪದಕ್ಕೆ ನಿಲ್ಲಿಸಬಾರದು, ಇದ್ದದ್ದನ್ನೆಲ್ಲ ಹೇಳಿಬಿಡಬೇಕು ಅನಿಸಿತು.

"ನೀವು ತುಂಬಾ ಚೆನ್ನಾಗಿ ನಿಂತಿದ್ದೀರಮ್ಮ. ಮುಖದ ಮೇಲೆ ಬೆಳಕು ಚೆನ್ನಾಗಿ ಬಿದ್ದಿದೆ. ಗೋಡೆ ಮಾತ್ರ ಸ್ವಲ್ಪ ವಾಲಿದೆ."

ಆಕೆ ನಕ್ಕರು. "ಗೋಡೆ ಬಿಡು ನಾಯನಾ. ನಾನು ನಿಂತಿರೋವಾಗ ಗೋಡೆನ ಯಾರು ನೋಡ್ತಾರೆ?"

ನಾನು ನೋಡಿದ್ದೆ. ಅದೊಂದನ್ನೇ ನೋಡಿದ್ದೆ.