ತೊಂಬತ್ತೈದರ ಜೆಟ್ ಹಾಕಿದವರು ಯಾರು?

ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-೬ ನಿಯಮ ಬಂದು ಎರಡು ವರ್ಷವಾಗಿತ್ತು. ನಾನಾಗ ಬೀದರದ ಒಂದು ಬೈಕ್ ಶೋರೂಮಿನಲ್ಲಿ ವರ್ಕ್‌ಶಾಪ್ ಮ್ಯಾನೇಜರ್. ನಿವೃತ್ತಿಗೆ ಆರು ತಿಂಗಳಿತ್ತು. ಹೊಸ ಗಾಡಿಗಳೆಲ್ಲ ಫ್ಯುಯೆಲ್ ಇಂಜೆಕ್ಷನ್ ಆಗಿದ್ದರಿಂದ ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಕಾರ್ಬುರೇಟರ್ ಬಿಚ್ಚುವ ಕೆಲಸ ಕಡಿಮೆಯಾಗಿತ್ತು. ಅಂಥ ಹೊತ್ತಿನಲ್ಲಿ, ಮಳೆಗಾಲದ ಕೊನೆಗೆ, ಹಳೆಯ ೩೫೦ ಸಿಸಿ ಬೈಕೊಂದನ್ನು ಟೆಂಪೊದಲ್ಲಿ ಹೇರಿಕೊಂಡು ತಂದರು.

ಗಾಡಿ ಔರಾದಿನ ಶಿವರಾಜ ಮಾಸ್ತರರದು. ಆ ಬೇಸಿಗೆಯಲ್ಲಿ ಅವರು ಅದನ್ನು ನಾಗಪುರದ ದಾರಿಯಾಗಿ ಲಡಾಖಿಗೆ ಓಡಿಸಿಕೊಂಡು ಹೋಗಿದ್ದರು. ಹೆಂಡತಿ ಸುವರ್ಣಾ ಅವರನ್ನು ಹಿಂದೆ ಕೂರಿಸಿಕೊಂಡು ಬೀದರಿಗೆ ಬರುವಾಗ, ಸಂತಪುರ ದಾಟಿದ ಮೇಲೆ, ಎಂಜಿನ್ ಒಮ್ಮೆಲೇ ಹಿಡಿದುಕೊಂಡಿತ್ತು. ಹಿಂದಿನ ಚಕ್ರ ಲಾಕ್ ಆಗಿ ಇಬ್ಬರೂ ಬಿದ್ದರು. ಮಾಸ್ತರರಿಗೆ ತರಚು ಗಾಯ, ಸುವರ್ಣಾ ಅವರ ಬಲಗೈ ಎರಡು ಕಡೆ ಮುರಿದಿತ್ತು. ಗಾಡಿಯನ್ನು ಭಾಲ್ಕಿಯ ಮೆಕ್ಯಾನಿಕ್ ಖಲೀಲ್ ಮಿಯಾ ಕೆಡಿಸಿದ್ದಾರೆಂದು ಠಾಣೆಗೆ ದೂರು ಹೋಗಿತ್ತು. ಠಾಣೆಯವರು ನನ್ನಿಂದ ಲಿಖಿತ ಅಭಿಪ್ರಾಯ ಕೇಳಿದ್ದರು.

ಗಾಡಿಯ ಜೊತೆ ಬಂದವನು ಸುವರ್ಣಾ ಅವರ ತಮ್ಮ ಪ್ರಕಾಶ. ಬೀದರದಲ್ಲಿ ಔಷಧ ಅಂಗಡಿ ಇಟ್ಟವನು. ನಾನು ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ ಅವನು ಶುರುಮಾಡಿದ.

"ಲಡಾಖ್‌ಗ ಹೋಗೋಕಿಂತ ಮೊದಲ ಆ ಮಿಯಾ ಕಾರ್ಬುರೇಟರ್ ಬಿಚ್ಚ್ಯಾನ್ರಿ. ಅಸಲಿ ಸಾಮಾನು ತಕ್ಕೊಂಡು ಏನೋ ಹಾಕ್ಯಾನ. ಬರ್ದು ಕೊಡ್ರಿ ಸಾಹೇಬ್ರ."

ಬಿಚ್ಚಿದೆ. ಪಿಸ್ಟನ್ ಮೇಲೆ ಉದ್ದುದ್ದ ಗೀರು. ಪ್ಲಗ್ಗಿನ ತುದಿ ಸುಣ್ಣದಂತೆ ಬೆಳ್ಳಗೆ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗದೆ ಎಂಜಿನ್ ವಿಪರೀತ ಕಾದಿದೆ ಎಂಬುದಕ್ಕೆ ಅದೇ ಗುರುತು. ಕಾರ್ಬುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡಿಗೆ ಮೇನ್ ಜೆಟ್ ಎನ್ನುತ್ತಾರೆ. ಆ ಗಾಡಿಗೆ ನೂರಹತ್ತರ ಜೆಟ್ ಇರಬೇಕು. ಇದ್ದದ್ದು ತೊಂಬತ್ತೈದರದು. ಅಂದರೆ ತೂತು ಚಿಕ್ಕದು.

ಪ್ರಕಾಶನ ಮಾತು ನಿಜವೆನಿಸಿತು. ನಿಜವಾಗಲಿ ಎಂದು ನನ್ನ ಮನಸ್ಸೂ ಬಯಸಿತ್ತು ಎಂದು ಈಗ ಒಪ್ಪಿಕೊಳ್ಳಬೇಕು. ನಮ್ಮಲ್ಲಿಗೆ ಬರಬೇಕಾದ ಎಷ್ಟೋ ಗಾಡಿಗಳು ಖಲೀಲ್ ಮಿಯಾರ ಟಿನ್ ಶೆಡ್ಡಿಗೆ ಹೋಗುತ್ತಿದ್ದವು. ಅವರ ಕೈಗುಣ ಹೊಗಳಿದವರನ್ನೆಲ್ಲ ನಾನು ಅನುಮಾನದಿಂದಲೇ ನೋಡುತ್ತಿದ್ದೆ. ಸಂಜೆಯೊಳಗೆ ಅವರ ಹೆಸರು ಬರೆದು ವರದಿ ತಯಾರಿಸಿದೆ. ಸಹಿ ಮಾತ್ರ ಬಾಕಿ.

ಮರುದಿನ ಭಾಲ್ಕಿಗೆ ಹೋದದ್ದು ನ್ಯಾಯ ಹುಡುಕಲಿಕ್ಕಲ್ಲ, ಕಳ್ಳನ ಮುಖ ನೋಡಲಿಕ್ಕೆ. ಶೆಡ್ಡಿನ ಮುಂದೆ ಒಂದೂ ಗಾಡಿ ಇರಲಿಲ್ಲ. ಸುದ್ದಿ ಆಗಲೇ ಹಬ್ಬಿತ್ತು. ಖಲೀಲ್ ಮಿಯಾ ನನ್ನ ಅಂಗೈಯಲ್ಲಿದ್ದ ಜೆಟ್ ಎತ್ತಿ ಬೆಳಕಿಗೆ ಹಿಡಿದರು.

"ಇದು ನಂದಲ್ಲ ಸಾಬ್. ನಾ ಬರೇ ಸಾಫ್ ಮಾಡಿ ಮೊದಲಿದ್ದ ಜೆಟ್ಟೇ ವಾಪಸ್ ಹಾಕೀನಿ."

"ಎಲ್ಲಾರೂ ಹಿಂಗ ಅಂತಾರ," ಎಂದೆ.

ಅವರು ಸಿಟ್ಟಾಗಲಿಲ್ಲ. "ನಾ ಹಾಕಿದ್ರ, ಬೇಸಿಗಿ ಬಿಸಲಾಗ ನಾಗಪುರ ಹ್ಯಾಂಗ ದಾಟ್ತಿತ್ತ್ರಿ ಗಾಡಿ?" ಎಂದಷ್ಟೇ ಕೇಳಿ ಜೆಟ್ ಹಿಂದಿರುಗಿಸಿದರು.

ಬಸ್ಸಿನಲ್ಲಿ ಬೀದರಿಗೆ ಮರಳುವಾಗ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ತೊಂಬತ್ತೈದರ ಜೆಟ್ ಹಾಕಿಕೊಂಡು ಆ ಸೆಕೆಯಲ್ಲಿ ದಿನವಿಡೀ ವೇಗವಾಗಿ ಓಡಿಸಿದ್ದರೆ ಎಂಜಿನ್ ಹೋಗುವಾಗಲೇ ಹಿಡಿದುಕೊಳ್ಳಬೇಕಿತ್ತು. ಅಂದರೆ ಜೆಟ್ ಬದಲಾದದ್ದು ಆಮೇಲೆ. ಎಲ್ಲಿ? ಯಾರ ಕೈಯಿಂದ?

ಎಲ್ಲಿ ಎಂಬುದಕ್ಕೆ ಉತ್ತರ ಗಾಳಿಯಲ್ಲೇ ಇತ್ತು. ಬೀದರ ಇರುವುದು ಸುಮಾರು ಎರಡು ಸಾವಿರ ಅಡಿ ಎತ್ತರದಲ್ಲಿ, ಲಡಾಖಿನ ದೊಡ್ಡ ಘಾಟುಗಳು ಹದಿನೇಳು ಸಾವಿರ ದಾಟುತ್ತವೆ. ಅಲ್ಲಿ ಗಾಳಿ ತೆಳು. ಕಾರ್ಬುರೇಟರಿಗೆ ಅದು ತಿಳಿಯದು, ಕೆಳಗಿನ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತದೆ. ಕಪ್ಪು ಹೊಗೆ ಬರುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ, ಗಾಡಿ ಏದುಸಿರು ಬಿಡುತ್ತದೆ. ಅದಕ್ಕೆಂದೇ ಅಲ್ಲಿಯ ಮೆಕ್ಯಾನಿಕರು ಚಿಕ್ಕ ಜೆಟ್ ಹಾಕಿಕೊಡುತ್ತಾರೆ. ಇಂಜೆಕ್ಷನ್ ಗಾಡಿಗೆ ಈ ತೊಂದರೆಯಿಲ್ಲ. ಸೆನ್ಸರ್ ಗಾಳಿಯ ಒತ್ತಡ ಅಳೆದು ಪೆಟ್ರೋಲ್ ತಾನೇ ಕಡಿಮೆ ಮಾಡುತ್ತದೆ. ಶಕ್ತಿ ಅದರದೂ ಕುಗ್ಗುತ್ತದೆ, ಆದರೆ ಹೊಗೆಯುಗುಳಿ ನಿಲ್ಲುವುದಿಲ್ಲ. ಕೆಳಗಿಳಿದ ಮೇಲೂ ತನ್ನಷ್ಟಕ್ಕೆ ಸರಿಹೊಂದುತ್ತದೆ. ಕಾರ್ಬುರೇಟರಿಗಾದರೆ ಹಳೆಯ ಜೆಟ್ಟನ್ನು ಮನುಷ್ಯನೇ ನೆನಪಿಟ್ಟು ಮರಳಿ ಹಾಕಬೇಕು.

ಮಾಸ್ತರರನ್ನು ಕರೆಸಿದೆ. ಸುವರ್ಣಾ ಅವರೂ ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ಬಂದರು, ಜೊತೆಗೆ ಪ್ರಕಾಶ. ಈಗ ನನ್ನ ಅನುಮಾನ ಮಾಸ್ತರರ ಮೇಲಿತ್ತು.

"ಲೇಹ್‌ದಾಗ ಗಾಡಿ ರಿಪೇರಿ ಮಾಡಿಸಿದ್ರೇನ್ರಿ?"

"ಇಲ್ರಿ. ನಾ ಎರಡು ದಿನ ದವಾಖಾನಿಯಾಗ ಆಕ್ಸಿಜನ್ ಹಚ್ಕೊಂಡು ಮಲಗಿದ್ದೆ. ಎತ್ತರದ ಗಾಳಿ ನನಗ ಹಿಡಸಲಿಲ್ಲ."

"ವಾಪಸ್ ಬರೋವಾಗ ಕೆಳಗ ಬಯಲು ಸೀಮ್ಯಾಗ ಓಡಿಸಿದ್ರೇನ್ರಿ?"

"ಇಲ್ರಿ. ಮನಾಲಿಯೊಳಗ ಲಾರಿಗೆ ಹಾಕಿ, ನಾವು ರೈಲಿಗೆ ಬಂದ್ವಿ. ಇಲ್ಲಿ ಸಾಲಿಗೆ ಹೋಗಿ ಬರೋದು ಬಿಟ್ರ ಎಲ್ಲೂ ಒಯ್ದಿಲ್ಲ. ಅವತ್ತ ಮೊದಲನೇ ಸಲ ದೂರ ಹೊಂಟಿದ್ವಿ."

ಎಲ್ಲ ಕೂಡಿಬಂತು. ಮೇನ್ ಜೆಟ್ಟಿನ ಕೆಲಸವಿರುವುದು ಆಕ್ಸಿಲರೇಟರ್ ಪೂರ್ತಿ ತಿರುವಿದಾಗ. ಊರೊಳಗೆ ಮೆಲ್ಲಗೆ ಹೋಗುವಾಗ ದೋಷ ಅಡಗಿಕೊಂಡೇ ಇತ್ತು.

"ನೀವು ದವಾಖಾನಿಯಾಗಿದ್ದಾಗ ಕೀಲಿ ಯಾರ ಕಡೆ ಇತ್ತು?"

ಮಾಸ್ತರರು ಭಾವಮೈದುನನ ಕಡೆ ತಿರುಗಿ, "ನನ್ನ ಜೋಡಿ ಬಂದಾವ ಇವನೊಬ್ಬನ್ರಿ," ಎಂದರು. ತನ್ನ ಇಂಜೆಕ್ಷನ್ ಗಾಡಿಯಲ್ಲಿ ಅವರ ಜೊತೆ ಲಡಾಖಿಗೆ ಹೋದವನು ಪ್ರಕಾಶನೇ ಎಂದು ನನಗೆ ಗೊತ್ತಾದದ್ದು ಆಗ. ಅಷ್ಟೆಲ್ಲ ಮಾತಾಡಿದವನು ಅದೊಂದನ್ನು ಹೇಳಿರಲಿಲ್ಲ.

"ಪ್ರಕಾಶ, ನಿನ್ನ ಕಡೆ ಇತ್ತೇನೊ?" ಸುವರ್ಣಾ ಕೇಳಿದರು.

ಅವನು ಹೂಂ ಎಂದ. "ಹೊಗಿ ಬಿಟ್ಟು ನಿಲ್ತಿತ್ತಕ್ಕ. ಅಲ್ಲಿ ಮೆಕ್ಯಾನಿಕ್ ಬದಲಿ ಹಾಕಿದ. ಕೆಳಗ ಹೋದ ಮ್ಯಾಲ ಹಳೇದು ಹಾಕಸ್ರಿ ಅಂದಿದ್ದ. ಮರ್ತೆ. ನಿನ್ನ ಕೈ ಮುರದದ್ದು ನೋಡಿ ನೆನಪಾತು. ಹೇಳಾಕ ಧೈರ್ಯ ಬರ್ಲಿಲ್ಲ."

"ಮರ್ತದ್ದು ನನಗ ದೊಡ್ಡ ಮಾತಲ್ಲೋ," ಎಂದರು ಸುವರ್ಣಾ. "ಆ ಮನುಷ್ಯಾಗ ಕಳ್ಳ ಅಂದ್ಯಲ್ಲ, ಅದಕ್ಕ ಏನು ಹೇಳ್ತಿ?"

ಅಂದೇ ದೂರನ್ನು ಹಿಂತೆಗೆದುಕೊಂಡರು. ಸುವರ್ಣಾ ತಾವೇ ತಮ್ಮನನ್ನು ಭಾಲ್ಕಿಗೆ ಕರೆದೊಯ್ದು, ಶೆಡ್ಡಿನ ಅಕ್ಕಪಕ್ಕದ ಅಂಗಡಿಯವರೆದುರು ಅವನಿಂದ ನಿಜ ಹೇಳಿಸಿದರಂತೆ. ಆಮೇಲೆ ನಾನು ಒಬ್ಬನೇ ಹೋದೆ. ಬರೆದಿಟ್ಟ ವರದಿಯ ವಿಷಯ ಖಲೀಲ್ ಮಿಯಾರಿಗೆ ಗೊತ್ತಿರಲಿಲ್ಲ. ಮುಚ್ಚಿಡಬಹುದಿತ್ತು. ಹೇಳಿದೆ.

ಅವರು ಕೈಯ ಗ್ರೀಸ್ ಒರೆಸಿಕೊಂಡರು. "ನನ್ನ ನಂಬ್ರಿ ಅನ್ನಂಗಿಲ್ಲ ಸಾಬ್. ಅನುಮಾನ ಮಾಡ್ರಿ. ಆದರ ಬರಿಯೋಕಿಂತ ಮೊದಲ ಬಂದು ಕೇಳ್ರಿ," ಎಂದರು. ಅವತ್ತು ಅವರು ನನಗೆ ಚಹಾ ಹೇಳಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ.

ಮೂವತ್ತು ವರ್ಷ ಗಾಡಿಗಳನ್ನು ಅನುಮಾನಿಸಿಯೇ ಅನ್ನ ಉಂಡವನು ನಾನು. ದೋಷ ಹುಡುಕಲು ಅದು ಬೇಕು. ಆದರೆ ಜೆಟ್ಟಿನ ಮೇಲೆ ಅದರ ಅಳತೆಯಷ್ಟೇ ಕೆತ್ತಿರುತ್ತದೆ. ಹಾಕಿದವರ ಹೆಸರನ್ನು ನಾನು ನನ್ನ ಹೊಟ್ಟೆಕಿಚ್ಚಿನಿಂದ ಓದಿಕೊಂಡಿದ್ದೆ. ಉಳಿದ ಆರು ತಿಂಗಳಲ್ಲಿ, ಎದುರಿನವನ ಮಾತು ಕೇಳದೆ ಒಂದು ವರದಿಯನ್ನೂ ನಾನು ಬರೆಯಲಿಲ್ಲ.